ತೋಜಾಯ್ ಲೈನ್‌ನಲ್ಲಿ ದಿನಾ ಓಡಾಡುವವರೇ, ಮನೆ ಎಲ್ಲಿ ಹಿಡಿಯಲಿ?

ಕೇಳಿದವರು, ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಈಗ ಬೆಂಗಳೂರಿನಲ್ಲಿದ್ದೇವೆ. ಏಪ್ರಿಲ್‌ನಿಂದ ನನಗೆ ಟೋಕಿಯೋದ ಓತೆಮಾಚಿಯಲ್ಲಿ ಕೆಲಸ. ಯಜಮಾನರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಗಳಿಗೆ ನಾಲ್ಕು ವರ್ಷ. ಎಲ್ಲರೂ ಅಲ್ಲಿನ ಮೆಟ್ರೋದ ತೋಜಾಯ್ ಲೈನ್ ಹತ್ತಿರ ಮನೆ ಮಾಡಿ, ನಿಶಿಕಸಾಯ್‌ನಲ್ಲಿ ನಮ್ಮವರು ಜಾಸ್ತಿ ಇದ್ದಾರೆ ಅನ್ನುತ್ತಾರೆ. ಇನ್ನು ಕೆಲವರು ಆ ಲೈನ್ ಬೇಡವೇ ಬೇಡ, ಬೆಳಿಗ್ಗೆ ಕಾಲಿಡಲು ಜಾಗ ಇರುವುದಿಲ್ಲ ಅಂತ ಹೆದರಿಸುತ್ತಿದ್ದಾರೆ. ನಿಜಕ್ಕೂ ಹೇಗಿದೆ? ಮನೆ ಎಲ್ಲಿ ನೋಡಲಿ? ಮಗುವನ್ನು ಕರೆದುಕೊಂಡು ಓಡಾಡಬಹುದಾ? ನಡುವೆ ರೈಲು ನಿಂತುಹೋದರೆ ಏನು ಮಾಡುತ್ತೀರಿ? ಮಾರ್ಚ್‌ನಲ್ಲಿ ಮನೆ ನೋಡಲು ಒಂದು ವಾರ ಬರುತ್ತಿದ್ದೇನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ನಿಶಿಕಸಾಯ್‌ನಲ್ಲಿ ಹನ್ನೊಂದು ವರ್ಷದಿಂದ ಇರುವವರು:

ಮೇಡಂ, ಮೊದಲು ಒಂದು ಮಾತು. ಮನೆಯನ್ನು ಭಾನುವಾರ ನೋಡಬೇಡಿ.

ನಾನು ಬಂದಾಗ ಭಾನುವಾರ ಮಧ್ಯಾಹ್ನ ಬ್ರೋಕರ್ ಜೊತೆ ಹೋದೆ. ರೈಲು ಅರ್ಧ ಖಾಲಿ. ಕಿಟಕಿ ಪಕ್ಕ ಕೂತು, ನದಿ ನೋಡುತ್ತಾ ಆರಾಮಾಗಿ ಬಂದು ಮನೆಗೆ ಸಹಿ ಹಾಕಿದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದೇ ಪ್ಲಾಟ್‌ಫಾರ್ಮ್‌ಗೆ ಬಂದು ನಿಂತರೆ ಅದು ಬೇರೆಯದೇ ಊರು. ಬಾಗಿಲು ತೆರೆಯಿತು. ಒಳಗಿನವರು ಒಬ್ಬರೂ ಇಳಿಯಲಿಲ್ಲ. ನನ್ನ ಮುಂದಿದ್ದ ನಾಲ್ವರು ಹಿಂದಕ್ಕೆ ತಿರುಗಿ, ಬೆನ್ನು ಒಳಗೆ ಕೊಟ್ಟು, ಬಾಗಿಲಿನ ಮೇಲಿನ ಅಂಚನ್ನು ಕೈಯಲ್ಲಿ ಹಿಡಿದು, ನಿಧಾನವಾಗಿ ತಮ್ಮನ್ನು ಒಳಗೆ ಒತ್ತಿಕೊಂಡರು. ಒಬ್ಬರೂ ಒಂದು ಮಾತಾಡಲಿಲ್ಲ. ನಾನು ಆ ರೈಲು ಬಿಟ್ಟೆ. ಮುಂದಿನದನ್ನೂ ಬಿಟ್ಟೆ. ಆಮೇಲೆ ನಾನೂ ಹಾಗೇ ಬೆನ್ನು ಕೊಟ್ಟು ಹತ್ತಿದೆ. ಇವತ್ತಿಗೂ ಹತ್ತುವುದು ಹಾಗೇ.

ಈ ಲೈನ್ ಯಾಕೆ ಹೀಗೆ ಅಂತ ಗೊತ್ತಿದ್ದರೆ ಮನೆ ಆರಿಸುವುದು ಸುಲಭ. ಪಶ್ಚಿಮದ ನಕಾನೋದಿಂದ ಪೂರ್ವದ ನಿಶಿಫುನಾಬಾಶಿವರೆಗೆ 30.8 ಕಿಲೋಮೀಟರ್, 23 ಸ್ಟೇಷನ್. ಟೋಕಿಯೋ ಮೆಟ್ರೋದ ಲೈನ್. ಗುರುತು ತಿಳಿನೀಲಿ ಬಣ್ಣ, ಸ್ಟೇಷನ್ ನಂಬರ್ ಟಿ ಅಕ್ಷರದಿಂದ ಶುರು. ನಿಶಿಕಸಾಯ್ ಟಿ 16, ಓತೆಮಾಚಿ ಟಿ 9. ತೋಜಾಯ್ ಅಂದರೆ ಪೂರ್ವ-ಪಶ್ಚಿಮ ಅಂತಲೇ ಅರ್ಥ. ಪಕ್ಕದ ಸೋಬು ಲೈನ್ ತುಂಬಿ ತುಳುಕುತ್ತಿತ್ತು, ಅದರ ಭಾರ ಇಳಿಸಲು ಇದನ್ನು ಕಟ್ಟಿದರು. 1964ರಲ್ಲಿ ಮೊದಲ ತುಂಡು ಶುರುವಾಗಿ, 1969ರ ಮಾರ್ಚ್‌ನಲ್ಲಿ ನಿಶಿಫುನಾಬಾಶಿ ಮುಟ್ಟಿತು. ಅಲ್ಲಿಯವರೆಗೆ ಉರಾಯಾಸು ರೈಲೇ ಇಲ್ಲದ ಮೀನುಗಾರರ ಊರು. ರೈಲು ಬಂದಿದ್ದೇ ತಡ, ಗದ್ದೆ, ಕೆರೆ, ತೀರ ಎಲ್ಲ ಮನೆಗಳಾದವು. ನಮ್ಮ ನಿಶಿಕಸಾಯ್ ಸ್ಟೇಷನ್ ತೆರೆದಿದ್ದು 1979ರಲ್ಲಿ. ಭಾರ ಇಳಿಸಲು ಬಂದ ಲೈನ್ ತಾನೇ ಭಾರ ಹೊರುವ ಹಾಗಾಯಿತು.

ಕೊರೋನಾ ಬರುವ ಮೊದಲು ಕಿಬಾದಿಂದ ಮೋನ್ಜೆನ್-ನಕಾಚೋ ನಡುವೆ, ಬೆಳಿಗ್ಗೆ 7:50ರಿಂದ 8:50ರ ಗಂಟೆಯಲ್ಲಿ, ಸಂದಣಿ 199 ಪರ್ಸೆಂಟ್ ಇತ್ತು. ಆ ಹೊತ್ತಿಗೆ ಹತ್ತು ಬೋಗಿಯ 27 ರೈಲು ಓಡಿಸಿಯೂ ಅಷ್ಟು. ಇಲ್ಲಿನ ಸರ್ಕಾರ ಇದಕ್ಕೊಂದು ಅಳತೆ ಇಟ್ಟಿದೆ. 100 ಅಂದರೆ ಎಲ್ಲರಿಗೂ ಒಂದೋ ಸೀಟು, ಇಲ್ಲವೇ ಹಿಡಿಕೆ, ಇಲ್ಲವೇ ಕಂಬ. 150ರಲ್ಲಿ ಪೇಪರ್ ಅಗಲಿಸಿ ಓದಬಹುದು. 180ರಲ್ಲಿ ಮಡಚಿ ಓದಬೇಕು. 200ರಲ್ಲಿ ಮೈಗೆ ಮೈ ಒತ್ತುತ್ತದೆ, ವಾರಪತ್ರಿಕೆ ಮಾತ್ರ ಹೇಗೋ ಓದಬಹುದು. ಕೊರೋನಾ ಸಮಯದಲ್ಲಿ ಇದು 123ಕ್ಕೆ ಇಳಿದಿತ್ತು. ಆಮೇಲೆ ಏರಿದರೂ ಹಳೆಯ 199ಕ್ಕೆ ಹೋಗಿಲ್ಲ. ಮನೆಯಿಂದ ಕೆಲಸ ಮಾಡುವುದು ಕೆಲವು ಕಂಪನಿಗಳಲ್ಲಿ ಉಳಿದುಕೊಂಡಿದೆ, ಅದರಿಂದ ನಮಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿದೆ. ನೀವು ನೋಡಿರುವ ವಿಡಿಯೋಗಳು ಹಳೆಯವು ಇರಬಹುದು. ಹಾಗಂತ ಸುಳ್ಳೂ ಅಲ್ಲ.

ಈಗ ನಿಮ್ಮ ಕೈಯಲ್ಲಿ ಇರುವುದು ಯಾವುದು ನೋಡಿ. ನಿಮ್ಮ ಕಂಪನಿಯಲ್ಲಿ ಕೆಲಸದ ಹೊತ್ತು ಆಚೀಚೆ ಮಾಡಲು ಬಿಡುತ್ತಾರಾ ಅಂತ ಮೊದಲು ಕೇಳಿ. ಜಿಸಾ ಶುಕ್ಕಿನ್ ಅನ್ನುತ್ತಾರೆ, ಬೇರೆ ಹೊತ್ತಿಗೆ ಹಾಜರಾಗುವುದು. ನಾನು ಏಳೂಕಾಲಕ್ಕೆ ಹತ್ತುತ್ತೇನೆ. ಸೀಟು ಸಿಗುವುದಿಲ್ಲ, ಆದರೆ ಎರಡು ಕಾಲೂ ನೆಲದ ಮೇಲೆ ಇರುತ್ತವೆ. ಓತೆಮಾಚಿಗೆ ಹದಿನೈದು-ಹದಿನಾರು ನಿಮಿಷ ಅಷ್ಟೇ. ಆಫೀಸ್ ಕೆಳಗೆ ಕಾಫಿ ಕುಡಿದು, ಅರ್ಧ ಗಂಟೆ ಜಪಾನೀಸ್ ಓದಿ ಕೆಲಸಕ್ಕೆ ಕೂರುತ್ತೇನೆ. ನನ್ನ ಹೆಂಡತಿ ಒಂಬತ್ತೂವರೆಗೆ ಹತ್ತುತ್ತಾಳೆ, ಅವಳಿಗೆ ಆ ಪೆಟ್ಟಿಗೆಯೊಳಗಿನ ನೂಕುನುಗ್ಗಲು ಏನೂಂತಲೇ ಗೊತ್ತಿಲ್ಲ. ಒಂದೇ ಮನೆ, ಒಂದೇ ಸ್ಟೇಷನ್. ಊರು ಬದಲಿಸುವುದಕ್ಕಿಂತ ಅರ್ಧ ಗಂಟೆ ಬದಲಿಸಿಕೊಳ್ಳುವುದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಕಲಿತಿದ್ದು ಇದು.

ಇನ್ನೊಂದು. ಸಂಜೆ ವಾಪಸ್ ಬರುವಾಗ ಬೋರ್ಡ್ ನೋಡಿ ಹತ್ತಿ. ಕೈಸೊಕು, ಅಂದರೆ ರ‍್ಯಾಪಿಡ್ ರೈಲು, ತೊಯೋಚೋ ಬಿಟ್ಟರೆ ನೇರ ಉರಾಯಾಸು. ಮಿನಾಮಿ-ಸುನಾಮಾಚಿ, ನಿಶಿಕಸಾಯ್, ಕಸಾಯ್ ಮೂರನ್ನೂ ಹಾರಿಸುತ್ತದೆ. ಹೊಸಬರೆಲ್ಲ ಒಂದು ಸಲವಾದರೂ ಮನೆ ಮುಂದೆಯೇ ಹಾದು ಉರಾಯಾಸುಗೆ ಹೋಗಿ ಇಳಿದಿರುತ್ತಾರೆ. ಗಾಬರಿ ಬೇಡ, ಎದುರು ಕಡೆಯ ಲೋಕಲ್ ಹಿಡಿದು ಎರಡು ಸ್ಟೇಷನ್ ವಾಪಸ್ ಬಂದರಾಯಿತು.

ಮ್ಯೋದೆನ್‌ನಿಂದ, ಧಾರವಾಡದವರು:

ಮೇಲೆ ಹೇಳಿದ ಸರ್ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ ಇಲ್ಲ. ಹೊತ್ತು ಬದಲಿಸಲು ಎಲ್ಲರ ಕೈಯಲ್ಲೂ ಆಗುವುದಿಲ್ಲ. ನನ್ನ ಟೀಮಿನ ಮೀಟಿಂಗ್ ದಿನಾ ಒಂಬತ್ತಕ್ಕೆ. ಹಂಗಾಗಿ ನಾವು ಊರನ್ನೇ ಬದಲಿಸಿದೆವು.

ಮೊದಲ ಎರಡು ವರ್ಷ ನಿಶಿಕಸಾಯ್‌ನಲ್ಲಿದ್ದೆವು. ಆಮೇಲೆ ಐದು ಸ್ಟೇಷನ್ ಆಚೆ ಮ್ಯೋದೆನ್‌ಗೆ ಬಂದೆವು. ಇದು ಚಿಬಾ ಪ್ರಾಂತ್ಯ, ಇಚಿಕಾವಾ ಊರು. ಲೈನಿನಲ್ಲೇ ಹೊಸ ಸ್ಟೇಷನ್, 2000ದ ಜನವರಿಯಲ್ಲಿ ತೆರೆದಿದ್ದು. ಇದರ ಪಕ್ಕದಲ್ಲೇ ರೈಲುಗಳನ್ನು ನಿಲ್ಲಿಸುವ ಡಿಪೋ ಇದೆ. ಹಂಗಾಗಿ ಬೆಳಿಗ್ಗೆ ಕೆಲವು ರೈಲು ಇಲ್ಲಿಂದಲೇ ಹೊರಡುತ್ತವೆ. ಶಿಹಾತ್ಸು ಅನ್ನುತ್ತಾರೆ. ಆ ರೈಲು ಖಾಲಿ ಬರುತ್ತದೆ. ಒಂದು ರೈಲು ಬಿಟ್ಟು, ಸಾಲಿನಲ್ಲಿ ಹತ್ತು ನಿಮಿಷ ಮುಂದೆ ನಿಂತರೆ ಕೂತು ಹೋಗಬಹುದು. ನಿಶಿಕಸಾಯ್‌ನಲ್ಲಿ ಹದಿನೈದು ನಿಮಿಷ ನಿಂತು ಹಿಂಡಿಸಿಕೊಳ್ಳುವುದಕ್ಕಿಂತ ಇಲ್ಲಿಂದ ಅರ್ಧ ಗಂಟೆ ಕೂತು ಹೋಗುವುದು ನನಗೆ ಹಿತ. ಬಾಡಿಗೆಯೂ ಕಮ್ಮಿ.

ಕಳಕೊಂಡಿದ್ದೂ ಇದೆ, ಅದನ್ನೂ ಹೇಳಬೇಕು. ನಿಶಿಕಸಾಯ್‌ನಲ್ಲಿ ಸಂಜೆ ಇಳಿದರೆ ಯಾರೋ ಒಬ್ಬರು ಕನ್ನಡದಲ್ಲಿ ಮಾತಾಡಿಸುತ್ತಿದ್ದರು. ಇಂಗು, ಕರಿಬೇವು, ಅವಲಕ್ಕಿಗೆ ನಡೆದು ಹೋಗುತ್ತಿದ್ದೆವು. ಈಗ ಶನಿವಾರಕ್ಕೊಮ್ಮೆ ರೈಲು ಹತ್ತಿ ಅಲ್ಲಿಗೇ ಹೋಗಬೇಕು. ನನ್ನ ಮನೆಯಾಕೆಗೆ ಮೊದಲ ಆರು ತಿಂಗಳು ಬಹಳ ಬೇಸರವಾಗಿತ್ತು. ಮನೆಯಲ್ಲಿ ಇಡೀ ದಿನ ಇರುವವರು ನಿಮ್ಮ ಯಜಮಾನರು. ಅವರನ್ನೂ ಕೇಳಿ ನಿರ್ಧಾರ ಮಾಡಿ. ರೈಲಿನಲ್ಲಿ ನೀವು ಇರುವುದು ದಿನಕ್ಕೆ ಒಂದು ಗಂಟೆ, ಊರಿನಲ್ಲಿ ಅವರು ಇರುವುದು ಹನ್ನೆರಡು ಗಂಟೆ.

ಕಸಾಯ್‌ನಿಂದ ಒಬ್ಬ ತಾಯಿ:

ತಂಗಿ, ಹೆಂಗಸರಿಗೆ ಬೇಕಾದ್ದು ನಾನು ಹೇಳುತ್ತೇನೆ.

ವಾರದ ದಿನಗಳಲ್ಲಿ ಬೆಳಿಗ್ಗೆ, ನಿಶಿಫುನಾಬಾಶಿಯಿಂದ ಓತೆಮಾಚಿವರೆಗೆ, ಒಂದು ಬೋಗಿ ಹೆಂಗಸರಿಗೆ ಮಾತ್ರ. ಪ್ಲಾಟ್‌ಫಾರ್ಮ್ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು ಇರುತ್ತದೆ, ಅಲ್ಲೇ ನಿಲ್ಲಿ. ಪ್ರೈಮರಿ ಶಾಲೆಯ ಗಂಡು ಮಕ್ಕಳೂ ಅದರಲ್ಲಿ ಬರಬಹುದು. ಅದೂ ತುಂಬಿರುತ್ತದೆ, ಆದರೆ ಒತ್ತಿಕೊಂಡು ನಿಂತಾಗ ಮನಸ್ಸಿಗೆ ಒಂದು ನಿರಾಳ. ಸಂಜೆ ವಾಪಸ್ ಬರುವಾಗ ಆ ಬೋಗಿ ಇರುವುದಿಲ್ಲ.

ನಾನು ಬಸುರಿಯಾಗಿದ್ದಾಗ ಎಂಟನೇ ತಿಂಗಳವರೆಗೆ ಇದೇ ಲೈನ್‌ನಲ್ಲಿ ಕಯಾಬಾಚೋಗೆ ಹೋಗಿದ್ದೇನೆ. ಮೆಟರ್ನಿಟಿ ಮಾರ್ಕ್ ಅಂತ ಒಂದು ಗುಲಾಬಿ ಬಿಲ್ಲೆ ಸ್ಟೇಷನ್‌ನಲ್ಲಿ ಸುಮ್ನೆ ಕೇಳಿದರೆ ಕೊಡುತ್ತಾರೆ. ಬ್ಯಾಗಿಗೆ ತೂಗುಹಾಕಿಕೊಂಡೆ. ಒಂದು ದಿನ ತುಂಬ ಜನ. ನನ್ನ ಪಕ್ಕ ಒಬ್ಬ ವಯಸ್ಸಾದವರು, ಕೋಟು-ಟೈ ಹಾಕಿದ್ದವರು. ಅವರು ಬಿಲ್ಲೆ ನೋಡಿದರು. ಏನೂ ಅನ್ನಲಿಲ್ಲ. ಎರಡೂ ಕೈ ಚಾಚಿ ನನ್ನ ತಲೆಯ ಆಚೀಚೆ ಬಾಗಿಲಿಗೆ ಊರಿ, ತಮ್ಮ ಬೆನ್ನ ಮೇಲೆ ಜನರ ಭಾರ ಹೊತ್ತುಕೊಂಡರು. ಕಿಬಾದಿಂದ ಮೋನ್ಜೆನ್-ನಕಾಚೋವರೆಗೆ ಅವರ ಕೈ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ನನ್ನ ಹೊಟ್ಟೆಗೆ ಒಂದು ಬೆರಳಗಲ ಜಾಗ ಉಳಿಯಿತು. ಇಳಿಯುವಾಗ ಕೈ ಮುಗಿದೆ. ಅವರು ಸಣ್ಣಗೆ ತಲೆಬಾಗಿ ಹೋದರು. ಈಗ ಆ ಮಗುವಿಗೆ ಆರು ವರ್ಷ.

ಮಗಳ ವಿಷಯ. ಆರು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟಿಕೆಟ್ ಇಲ್ಲ, ಒಬ್ಬರ ಜೊತೆ ಇಬ್ಬರು ಮಕ್ಕಳು ಹೋಗಬಹುದು. ಮಕ್ಕಳ ಗಾಡಿ ಮಡಚಬೇಕಾಗಿಲ್ಲ, 2014ರಿಂದ ದೇಶಕ್ಕೆಲ್ಲ ಅದೇ ನಿಯಮ. ಆದರೂ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ನಗರದ ಕಡೆಗೆ ಮಗುವನ್ನು ಕರೆದುಕೊಂಡು ಹೋಗಬೇಡಿ. ಅದೇ ಹೊತ್ತಿಗೆ ಎದುರು ದಿಕ್ಕಿನ ರೈಲು ಖಾಲಿ. ಶಾಲೆಯನ್ನೋ ಡೇಕೇರನ್ನೋ ನಡೆದು ಹೋಗುವಷ್ಟು ದೂರದಲ್ಲಿ ನೋಡಿ, ಇಲ್ಲವೇ ನಗರಕ್ಕೆ ಬೆನ್ನು ಹಾಕಿದ ದಿಕ್ಕಿನಲ್ಲಿ ನೋಡಿ. ಇಂಡಿಯನ್ ಶಾಲೆಗಳು ಎದೊಗಾವಾ ವಾರ್ಡಿನಲ್ಲೂ ಪಕ್ಕದ ಕೋತೋ ವಾರ್ಡಿನಲ್ಲೂ ಇವೆ.

ಮಳೆ ಬಂದರೆ ಮಗಳನ್ನು ಕಸಾಯ್ ಸ್ಟೇಷನ್ ಹಳಿಗಳ ಕೆಳಗೇ ಇರುವ ಮೆಟ್ರೋ ಮ್ಯೂಸಿಯಂಗೆ ಕರೆತನ್ನಿ. 1986ರಿಂದ ಇದೆ. ಟೋಕಿಯೋದ ಮೊದಲ ಸುರಂಗ ರೈಲಿನ ಹಳದಿ ಬೋಗಿ ಅಲ್ಲಿದೆ. ಮಕ್ಕಳು ಡ್ರೈವರ್ ಜಾಗದಲ್ಲಿ ಕೂತು ರೈಲು ಓಡಿಸಿ ನೋಡಬಹುದು. ನನ್ನ ಮಗನಿಗೆ ಬೋಗಿಗಳ ನಂಬರೆಲ್ಲ ಬಾಯಿಪಾಠ. ಬಾಗಿಲು ಅಗಲವಾಗಿರುವ ರೈಲು ಬಂದರೆ ದೂರದಿಂದಲೇ ಕೂಗುತ್ತಾನೆ. ಜನ ಬೇಗ ಹತ್ತಿ ಇಳಿಯಲಿ ಅಂತ ಈ ಲೈನಿಗೆಂದೇ 1.8 ಮೀಟರ್ ಬಾಗಿಲಿನ ಬೋಗಿಗಳನ್ನು ಮಾಡಿಸಿದ್ದಾರೆ.

ಗ್ಯೋತೊಕುವಿನಿಂದ, ಮಂಗಳೂರಿನವರು:

ಪಾಸಿನ ವಿಷಯ ಯಾರೂ ಹೇಳಿಲ್ಲ. ತೇಯ್ಕಿ ಅನ್ನುತ್ತಾರೆ. ಒಂದು, ಮೂರು, ಆರು ತಿಂಗಳಿಗೆ ಸಿಗುತ್ತದೆ. ಆರು ತಿಂಗಳದ್ದು ಅಗ್ಗ. ಇಲ್ಲಿ ಹೆಚ್ಚಿನ ಕಂಪನಿಗಳು ಓಡಾಟದ ಖರ್ಚು ಕೊಡುತ್ತವೆ, ತಿಂಗಳಿಗೆ 1,50,000 ಯೆನ್‌ವರೆಗೆ ಅದಕ್ಕೆ ತೆರಿಗೆ ಇಲ್ಲ. ಹಾಗಾಗಿ ದೂರ ಮನೆ ಮಾಡಿದರೆ ಪಾಸಿನ ಖರ್ಚು ಜಾಸ್ತಿ ಅಂತ ಯೋಚಿಸಬೇಡಿ, ಮೊದಲು ಆಫೀಸಿನಲ್ಲಿ ಕೇಳಿ.

ಪಾಸ್ ಇರುವ ದಾರಿಯಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು, ರಜೆಯ ದಿನವೂ. ನಾನು ಶನಿವಾರ ಮೋನ್ಜೆನ್-ನಕಾಚೋದಲ್ಲಿ ಇಳಿಯುತ್ತೇನೆ. ಅಲ್ಲಿ ಫುಕಾಗಾವಾ ಫುದೋದೋ ಅಂತ ಬೌದ್ಧ ದೇವಸ್ಥಾನ. ದಿನಕ್ಕೆ ಹಲವು ಸಲ ಬೆಂಕಿ ಹಾಕಿ ಗೋಮಾ ಮಾಡುತ್ತಾರೆ. ನಮ್ಮ ಹೋಮವೇ ಅದು, ಹೆಸರೂ ಅಲ್ಲಿಂದಲೇ ಬಂದಿದ್ದು. ದೊಡ್ಡ ದೊಡ್ಡ ಡೋಲು ಬಡಿಯುವಾಗ ಎದೆಯೊಳಗೆ ಗುಡುಗು ಬಂದ ಹಾಗೆ. ಊರಿನ ನೆನಪು ಜಾಸ್ತಿಯಾದ ದಿನ ಅಲ್ಲಿ ಹೋಗಿ ಕೂರುತ್ತೇನೆ.

ತೊಯೋಚೋದಿಂದ:

ರೈಲು ನಿಂತರೆ ಏನು ಅಂತ ಕೇಳಿದ್ದಿರಿ. ನಿಲ್ಲುತ್ತದೆ, ಅದಕ್ಕೆ ಸಿದ್ಧರಾಗಿ.

ಟೋಕಿಯೋದ ಸುರಂಗ ರೈಲು ಅಂತ ಹೆಸರು, ಆದರೆ ಮಿನಾಮಿ-ಸುನಾಮಾಚಿ ದಾಟಿದ ಮೇಲೆ ನಿಶಿಫುನಾಬಾಶಿವರೆಗೆ ರೈಲು ನೆಲದ ಮೇಲೆ, ಕಂಬಗಳ ಮೇಲೆ ಓಡುತ್ತದೆ. ನಡುವೆ ಅರಾಕಾವಾ ನದಿ, ಪಕ್ಕದಲ್ಲೇ ನಕಾಗಾವಾ. ಎರಡಕ್ಕೂ ಸೇರಿ ಒಂದು ಕಿಲೋಮೀಟರಿಗೂ ಉದ್ದದ ಸೇತುವೆ. ಸಮುದ್ರ ಹತ್ತಿರ, ತಡೆಯಲು ಏನೂ ಇಲ್ಲ. ಗಾಳಿ ಜೋರಾದರೆ ಮೊದಲು ನಿಧಾನ, ಆಮೇಲೆ ನಿಂತೇ ಹೋಗುತ್ತದೆ. 1978ರ ಫೆಬ್ರವರಿ 28ರ ರಾತ್ರಿ ಆ ಸೇತುವೆಯ ಮೇಲೆ ಸುಂಟರಗಾಳಿಗೆ ಸಿಕ್ಕಿ ರೈಲಿನ ಎರಡು ಬೋಗಿ ಮಗುಚಿದ್ದವು. 21 ಜನರಿಗೆ ಗಾಯವಾಗಿತ್ತು. ಅದು ಗೊತ್ತಾದ ಮೇಲೆ, ಗಾಳಿಗೆ ರೈಲು ನಿಲ್ಲಿಸಿದಾಗ ನನಗೆ ಸಿಟ್ಟು ಬರುವುದಿಲ್ಲ. ನಿಲ್ಲಿಸಲಿ, ಮನೆ ಸೇರಿದರೆ ಸಾಕು.

ಎರಡು ಮಾತು ಕಿವಿಗೆ ಅಭ್ಯಾಸ ಮಾಡಿಕೊಳ್ಳಿ. ಒಕುರೆ ಅಂದರೆ ತಡ. ಉಂತೆನ್ ಮಿಅವಾಸೆ ಅಂದರೆ ರೈಲು ಸದ್ಯಕ್ಕೆ ಓಡುವುದಿಲ್ಲ. ಎರಡನೆಯದು ಕೇಳಿದರೆ ಪ್ಲಾಟ್‌ಫಾರ್ಮ್‌ನಲ್ಲಿ ಕಾಯುತ್ತಾ ನಿಲ್ಲಬೇಡಿ. ಸ್ಟೇಷನ್‌ನಲ್ಲಿ ಫುರಿಕಾಯೆ ಅಂತ ಹೇಳುತ್ತಾರೆ. ಅದೇ ಕಡೆಗೆ ಹೋಗುವ ಬೇರೆ ಕಂಪನಿಯ ಲೈನ್‌ನಲ್ಲಿ ದುಡ್ಡಿಲ್ಲದೆ ಹೋಗಲು ಬಿಡುತ್ತಾರೆ. ಆದರೆ ಇದು ಪಾಸ್ ಇದ್ದವರಿಗೂ ಟಿಕೆಟ್ ಕೊಂಡವರಿಗೂ ಮಾತ್ರ. ಕಾರ್ಡಿಗೆ ದುಡ್ಡು ತುಂಬಿಸಿಕೊಂಡು ಓಡಾಡುವವರಿಗೆ ಸಿಗುವುದಿಲ್ಲ. ತೇಯ್ಕಿ ತೆಗೆದುಕೊಳ್ಳಲು ಇದೂ ಒಂದು ಕಾರಣ.

ನಿಶಿಕಸಾಯ್‌ಗೆ ಬೇರೆ ದಾರಿ ಎರಡಿವೆ. ಉತ್ತರಕ್ಕೆ ಬಸ್ಸಿನಲ್ಲಿ ಫುನಾಬೊರಿ, ಅಲ್ಲಿಂದ ತೋಯೆ ಶಿಂಜುಕು ಲೈನ್. ದಕ್ಷಿಣಕ್ಕೆ ಬಸ್ಸಿನಲ್ಲಿ ಕಸಾಯ್-ರಿಂಕಾಯ್-ಕೋಯೆನ್, ಅಲ್ಲಿಂದ ಜೆಆರ್ ಕೆಯ್ಯೋ ಲೈನ್‌ನಲ್ಲಿ ಟೋಕಿಯೋ ಸ್ಟೇಷನ್. ಟೋಕಿಯೋ ಸ್ಟೇಷನ್‌ನಿಂದ ಓತೆಮಾಚಿಗೆ ನಡೆದೇ ಹೋಗಬಹುದು. ಮನೆಗೆ ಬಂದ ಮೊದಲ ವಾರವೇ, ರಜೆಯ ದಿನ, ಎರಡೂ ದಾರಿಯಲ್ಲಿ ಒಂದೊಂದು ಸಲ ಹೋಗಿ ಬನ್ನಿ. ಎಲ್ಲ ನಿಂತ ದಿನ ಕೈಯಲ್ಲಿ ಮ್ಯಾಪ್ ಹಿಡಿದು ಸಾವಿರ ಜನರ ನಡುವೆ ಬಸ್ ಸ್ಟಾಪ್ ಹುಡುಕುವುದು ಕಷ್ಟ.

2021ರ ಅಕ್ಟೋಬರ್ 7ರ ರಾತ್ರಿ ಹತ್ತೂ ಮುಕ್ಕಾಲರ ಹೊತ್ತಿಗೆ ಭೂಕಂಪವಾಯಿತು. ನಾನು ಆಗ ನಿಹೊನ್‌ಬಾಶಿಯಲ್ಲಿದ್ದೆ. ರೈಲುಗಳೆಲ್ಲ ನಿಂತವು. ಕಾದು ನೋಡಿ, ಕೊನೆಗೆ ನಡೆದೇ ಮನೆಗೆ ಬಂದೆ. ತೊಯೋಚೋ ನಾಲ್ಕೂವರೆ ಕಿಲೋಮೀಟರ್, ಒಂದು ಗಂಟೆ ಸಾಕಾಯಿತು. ನನ್ನ ಜೊತೆಯ ಹುಡುಗನ ಮನೆ ಉರಾಯಾಸುವಿನಲ್ಲಿ. ಅವನು ಆ ರಾತ್ರಿ ನನ್ನ ಮನೆಯಲ್ಲೇ ಮಲಗಿದ. ಅದಕ್ಕೇ ನಾನು ನದಿಯ ಈಚೆ, ತೊಯೋಚೋದಲ್ಲೇ ಉಳಿದಿರುವುದು. ಬಾಡಿಗೆ ಜಾಸ್ತಿ. ಆದರೆ ಆಫೀಸಿನಿಂದ ಕಾಲ್ನಡಿಗೆಯಲ್ಲಿ ಮನೆ ಸೇರಬಹುದು ಅನ್ನುವುದು ನನಗೆ ಮುಖ್ಯ. ಆಫೀಸಿನಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಇಟ್ಟುಕೊಳ್ಳಿ ಮೇಡಂ. ಇಷ್ಟು ಮಾತ್ರ ತಪ್ಪದೆ ಮಾಡಿ.

ರೈಲು ತಡವಾಗಿ ಆಫೀಸಿಗೆ ತಡವಾದರೆ ಚಿಯೆನ್ ಶೋಮೆಯ್ಶೋ ಅಂತ ಒಂದು ಚೀಟಿ ಸಿಗುತ್ತದೆ, ಇಂಟರ್‌ನೆಟ್‌ನಲ್ಲೂ ಇರುತ್ತದೆ. ಅದನ್ನು ತೋರಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಚಳಿಗಾಲದಲ್ಲಿ ಇದು ಜಾಸ್ತಿ ಬೇಕಾಗುತ್ತದೆ. ಎಲ್ಲರೂ ದಪ್ಪ ಕೋಟು ಹಾಕಿರುತ್ತಾರೆ, ಬಾಗಿಲು ಮುಚ್ಚಲು ಹೊತ್ತು ಹಿಡಿಯುತ್ತದೆ. ಆ ಐದೈದು ಸೆಕೆಂಡೇ ಸೇರಿ ಸೇರಿ ಹಿಂದಿನ ರೈಲುಗಳೆಲ್ಲ ತಡವಾಗುತ್ತವೆ. ಇದಕ್ಕೆಂದೇ ಮಿನಾಮಿ-ಸುನಾಮಾಚಿಯಲ್ಲಿ ಇನ್ನೊಂದು ಪ್ಲಾಟ್‌ಫಾರ್ಮ್, ಇನ್ನೊಂದು ಹಳಿ ಸೇರಿಸುವ ಕೆಲಸ ಹಿಡಿದಿದ್ದಾರೆ. ಒಂದು ರೈಲು ನಿಂತಿರುವಾಗಲೇ ಹಿಂದಿನದು ಪಕ್ಕಕ್ಕೆ ಬಂದು ನಿಲ್ಲಲಿ ಅಂತ. 2024ರ ಮೇ 11 ಮತ್ತು 12ರಂದು ಹಳಿ ಬದಲಿಸಲು ತೊಯೋಚೋದಿಂದ ನಿಶಿಕಸಾಯ್‌ವರೆಗೆ ಎರಡು ದಿನ ರೈಲೇ ಓಡಿಸಲಿಲ್ಲ. ತಿಂಗಳುಗಳ ಮೊದಲೇ ಎಲ್ಲ ಕಡೆ ಪೋಸ್ಟರ್ ಹಚ್ಚಿದ್ದರು.

ನಿಶಿಕಸಾಯ್ ಪಕ್ಕದ ಸೇಯ್ಶಿನ್‌ಚೋದಿಂದ:

ಮನೆ ಹುಡುಕುವವರಿಗೆ ಒಂದೇ ಮಾತು. ಯುಆರ್ ಮನೆಗಳನ್ನು ಮೊದಲು ನೋಡಿ. ಸರ್ಕಾರದ ಕಡೆಯ ದೊಡ್ಡ ವಸತಿ ಕಟ್ಟಡಗಳು. ಮಾಲೀಕರಿಗೆ ಕೊಡುವ, ವಾಪಸ್ ಬಾರದ ರೆಯ್ಕಿನ್ ಹಣ ಇಲ್ಲ, ಬ್ರೋಕರ್ ಫೀಸ್ ಇಲ್ಲ, ಜಾಮೀನುದಾರರು ಬೇಡ. ಆದಾಯ ಇಷ್ಟಿರಬೇಕು ಅಂತ ನಿಯಮ ಇದೆ, ಅಡ್ವಾನ್ಸ್ ಎರಡು ತಿಂಗಳದ್ದು. ಬೇರೆ ಕಡೆ ನಮಗೆ ವಿದೇಶದವರು ಅಂತ ಎರಡು ಮನೆ ಕೈತಪ್ಪಿದವು. ಇಲ್ಲಿ ಆ ಪ್ರಶ್ನೆಯೇ ಬರಲಿಲ್ಲ. ನಿಶಿಕಸಾಯ್ ಸುತ್ತ ನಮ್ಮವರು ನೆಲೆ ನಿಂತಿದ್ದಕ್ಕೆ ಇದೂ ಒಂದು ಕಾರಣ.

2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದ ಹುಡುಗರಿಗೆ ಕಯಾಬಾಚೋ, ನಿಹೊನ್‌ಬಾಶಿ, ಓತೆಮಾಚಿಯ ಬ್ಯಾಂಕುಗಳಿಗೆ ನೇರ ಹೋಗುವ ಲೈನ್ ಬೇಕಿತ್ತು. ಚಹಾ ವ್ಯಾಪಾರಕ್ಕೆಂದು 1970ರ ದಶಕದಲ್ಲೇ ಜಪಾನಿಗೆ ಬಂದಿದ್ದ ಜಗಮೋಹನ್ ಚಂದ್ರಾನಿಯವರು ಅವರಿಗೆ ಮನೆ ಹುಡುಕಲು, ಊಟಕ್ಕೆ ದಾರಿ ಮಾಡಿಕೊಡಲು ಓಡಾಡಿದರು. ಇವತ್ತು ನಾವು ಸಲೀಸಾಗಿ ಬಂದು ಕೂರುತ್ತೇವೆ ಅಂದರೆ ಅವರಂಥವರು ಆಗ ಮನೆಮನೆ ಬಾಗಿಲು ತಟ್ಟಿದ್ದರಿಂದ.

ಕೇಳಿದವರು:

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಬಿಲ್ಲೆಯ ಕತೆ ಓದಿ ಕಣ್ಣು ತುಂಬಿತು ಅಕ್ಕ. ಇನ್ನೊಂದು ಸಣ್ಣ ಪ್ರಶ್ನೆ. ನನಗೆ ಜಪಾನೀಸ್ ಬರುವುದಿಲ್ಲ. ಅಷ್ಟು ಜನರ ನಡುವೆ ಇಳಿಯುವುದು ಹೇಗೆ? ಅತ್ತೆಯವರೂ ಆಮೇಲೆ ಮೂರು ತಿಂಗಳು ಬಂದು ಇರುತ್ತಾರೆ.

ನಿಶಿಕಸಾಯ್‌ನಲ್ಲಿ ಹನ್ನೊಂದು ವರ್ಷದಿಂದ ಇರುವವರು:

ಒಂದು ಪದ ಸಾಕು ಮೇಡಂ. ಓರಿಮಾಸು. ಇಳಿಯುತ್ತೇನೆ ಅಂತ. ಮೆಲ್ಲಗೆ ಹೇಳಿದರೂ ಜನ ದಾರಿ ಬಿಡುತ್ತಾರೆ. ಬಾಗಿಲ ಹತ್ತಿರ ನಿಂತಿದ್ದರೆ ಬೇರೆಯವರ ಸ್ಟೇಷನ್ ಬಂದಾಗ ನೀವೇ ಕೆಳಗಿಳಿದು ಪಕ್ಕಕ್ಕೆ ನಿಲ್ಲಿ. ಅವರು ಇಳಿದ ಮೇಲೆ ಮೊದಲು ಹತ್ತುವುದು ನೀವೇ. ಬ್ಯಾಗ್ ಎದೆಯ ಮೇಲೆ ಹಾಕಿಕೊಳ್ಳಿ. ಫೋನಿನಲ್ಲಿ ಮಾತು ಬೇಡ. ಒಳಗೆ ಸೀಟುಗಳ ನಡುವೆ ಹೋಗಿ ನಿಂತರೆ ಬಾಗಿಲ ಬಳಿಗಿಂತ ಒತ್ತಡ ಎಷ್ಟೋ ಕಮ್ಮಿ. ಓತೆಮಾಚಿಯಲ್ಲಿ ಬಹಳ ಜನ ಇಳಿಯುತ್ತಾರೆ, ದಾರಿ ತಾನಾಗೇ ಆಗುತ್ತದೆ. ಯಾವ ಬೋಗಿ ಎಷ್ಟು ತುಂಬಿದೆ ಅಂತ ಟೋಕಿಯೋ ಮೆಟ್ರೋದ ಆ್ಯಪ್ ತೋರಿಸುತ್ತದೆ, ಅದನ್ನೂ ನೋಡಿ.

ಅತ್ತೆಯವರನ್ನು ಹತ್ತು ಗಂಟೆ ಮೇಲೆ ಕರೆದುಕೊಂಡು ಹೋಗಿ. ನಮ್ಮ ಅಮ್ಮ ಎಪ್ಪತ್ತೆರಡರಲ್ಲಿ ಬಂದಿದ್ದರು. ಒಂದು ದಿನ ಇಳಿಯುವಾಗ ಕೊಡೆಯನ್ನೂ ಹಣ್ಣಿನ ಡಬ್ಬಿಯನ್ನೂ ಸೀಟಿನ ಮೇಲೇ ಬಿಟ್ಟರು. ಹೋದದ್ದು ಹೋಯಿತು ಅಂತ ಅವರು ಸುಮ್ಮನಾಗಿದ್ದರು. ಸ್ಟೇಷನ್‌ನಲ್ಲಿ ಬೋಗಿ, ಹೊತ್ತು, ಡಬ್ಬಿಯ ಬಣ್ಣ ಎಲ್ಲ ಬರೆದುಕೊಂಡರು. ಕೆಲವು ದಿನದ ಮೇಲೆ ಈದಾಬಾಶಿಯಲ್ಲಿರುವ ಕಳೆದ ವಸ್ತುಗಳ ಕಚೇರಿಗೆ ಹೋದರೆ ಎರಡೂ ಅಲ್ಲಿದ್ದವು. ಹಣ್ಣು ತೆಗೆದು, ಡಬ್ಬಿ ಒರೆಸಿ, ಚೀಟಿ ಕಟ್ಟಿ ಇಟ್ಟಿದ್ದರು. ಅಮ್ಮ ಆ ಚೀಟಿಯನ್ನು ಊರಿಗೆ ಒಯ್ದರು.

ಮ್ಯೋದೆನ್‌ನಿಂದ, ಧಾರವಾಡದವರು:

ಮಾರ್ಚ್‌ನಲ್ಲಿ ಬಂದಾಗ ನಿಶಿಕಸಾಯ್‌ನಲ್ಲೂ ನಮ್ಮ ಮ್ಯೋದೆನ್‌ನಲ್ಲೂ ಬೆಳಿಗ್ಗೆ ಒಂದೊಂದು ದಿನ ನಿಂತು ನೋಡಿ. ಆಮೇಲೆ ನಮ್ಮ ಮನೆಗೆ ಬನ್ನಿ, ರೊಟ್ಟಿ ತಿಂದು ಹೋಗುವಿರಂತೆ.

ಕೇಳಿದವರು, ಟೋಕಿಯೋದಿಂದ, ಮೂರು ವಾರದ ನಂತರ:

ಬಂದಿದ್ದೇನೆ. ಮಂಗಳವಾರ 7:50ಕ್ಕೆ ನಿಶಿಕಸಾಯ್ ಪ್ಲಾಟ್‌ಫಾರ್ಮ್‌ನಲ್ಲಿ ಗುಲಾಬಿ ಗುರುತಿನ ಮೇಲೆ ನಿಂತೆ. ಎರಡು ರೈಲು ಬಿಟ್ಟೆ. ಮೂರನೆಯದಕ್ಕೆ ಬೆನ್ನು ಕೊಟ್ಟು ಹತ್ತಿದೆ. ಸೇತುವೆಯ ಮೇಲೆ ಬಂದಾಗ ಯಾರದೋ ಭುಜದ ಸಂದಿಯಲ್ಲಿ ನದಿ ಕಂಡಿತು, ಅದರಾಚೆ ಬೆಳ್ಳಗೆ ಫ್ಯೂಜಿ. ಕಿಬಾ ದಾಟುವಾಗ ಉಸಿರು ಬಿಗಿಹಿಡಿದಿದ್ದೆ. ಓತೆಮಾಚಿಯಲ್ಲಿ ಓರಿಮಾಸು ಅಂದೆ, ದಾರಿ ಬಿಟ್ಟರು. ಬುಧವಾರ ಏಳೂಕಾಲಕ್ಕೆ ಹತ್ತಿದೆ. ಸರ್ ಹೇಳಿದ ಹಾಗೆ ಎರಡೂ ಕಾಲು ನೆಲದ ಮೇಲಿದ್ದವು. ಗುರುವಾರ ಮ್ಯೋದೆನ್‌ನಿಂದ ಕೂತು ಬಂದೆ, ರೊಟ್ಟಿಯೂ ಎಣಗಾಯಿಯೂ ತುಂಬ ರುಚಿಯಾಗಿದ್ದವು.

ಯಜಮಾನರ ಜೊತೆ ಫೋನಿನಲ್ಲಿ ಮಾತಾಡಿದೆ. ಆಫೀಸಿನಲ್ಲಿ ಎಂಟಕ್ಕೆ ಬಂದು ಐದಕ್ಕೆ ಹೋಗಲು ಒಪ್ಪಿದ್ದಾರೆ. ಸೇಯ್ಶಿನ್‌ಚೋದಲ್ಲಿ ಯುಆರ್ ಮನೆ ನೋಡಿ ಅರ್ಜಿ ಹಾಕಿದ್ದೇನೆ. ಮೂರನೇ ಮಹಡಿ. ಅಡುಗೆಮನೆ ಕಿಟಕಿಯಿಂದ ಮಗಳಿಗೆ ಆಟದ ಜಾಗ ಕಾಣುತ್ತದೆ. ನಾಳೆ ಶನಿವಾರ, ಫುನಾಬೊರಿಗೆ ಬಸ್ಸಿನಲ್ಲಿ ಒಂದು ಸಲ ಹೋಗಿ ಬರುತ್ತೇನೆ.